ನಮ್ಮ ಮನೆಯ ಮಾರಿಸ್ ಮೈನರ್

ಬಳಗದ ಯುಗಾದಿ, ದೀಪಾವಳಿ ಸಮಾರಂಭಗಳಿಗೆ ನಾವು ಬಂದಾಗಲೆಲ್ಲ ಸಭಾಂಗಣದ ಹೊರಗೆ ನಮ್ಮ ಕಾರಿನ ಸುತ್ತ ಮಕ್ಕಳು ಮುತ್ತಿಕೊಳ್ಳುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. "ಇದು ನಿಜವಾಗಿ ಓಡುತ್ತದೆಯೇ ಆಂಟಿ?" ಎಂದು ಮಕ್ಕಳು ಕೇಳುತ್ತಾರೆ. "ಇನ್ನೂ ಇದನ್ನು ಮಾರಲಿಲ್ಲವೇ?" ಎಂದು ಅವರ ತಂದೆತಾಯಿಯರು ಕೇಳುತ್ತಾರೆ. ಸಂಚಿಕೆಯ ಸಂಪಾದಕರ ಒತ್ತಾಯಕ್ಕೆ ಮಣಿದು ಎರಡೂ ಪ್ರಶ್ನೆಗಳಿಗೆ ಇಲ್ಲಿಯೇ ಉತ್ತರ ಹೇಳುತ್ತಿದ್ದೇವೆ.

ಕಾರು 1967ರ ಮಾರಿಸ್ ಮೈನರ್ 1000. ನೀಲಿ ಬಣ್ಣ, ನಾಲ್ಕು ಬಾಗಿಲು, 1098 ಸಿ.ಸಿ. ಎಂಜಿನ್. ನಮ್ಮ ಮನೆಗೆ ಬಂದದ್ದು 1994ರಲ್ಲಿ. ಪ್ರದರ್ಶನಕ್ಕೆಂದು ಒರೆಸಿಟ್ಟ ಕಾರಲ್ಲ ಇದು. ಆಫೀಸಿಗೆ, ಅಂಗಡಿಗೆ, ಮಕ್ಕಳ ಶಾಲೆಗೆ, ಮಳೆಯಲ್ಲಿ, ಹಿಮದಲ್ಲಿ ದಿನವೂ ದುಡಿದ ಕಾರು.

ಇದರ ಜನ್ಮವೃತ್ತಾಂತವನ್ನು ಸ್ವಲ್ಪ ಹೇಳಲೇಬೇಕು, ಏಕೆಂದರೆ ಇದು ಇಂದಿಗೂ ಓಡುತ್ತಿರುವ ಗುಟ್ಟು ಅಲ್ಲಿಯೇ ಇದೆ. ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಮಾರಿಸ್ ಕಂಪನಿಯ ಎಂಜಿನಿಯರ್ ಅಲೆಕ್ ಇಸಿಗೋನಿಸ್ ಈ ಕಾರಿನ ಚಿತ್ರ ಬರೆಯಲು ತೊಡಗಿದ್ದರು. ಆಗ ಇದಕ್ಕಿದ್ದ ಗುಪ್ತನಾಮ 'ಮಸ್ಕಿಟೊ', ಅಂದರೆ ಸೊಳ್ಳೆ! ಒಡೆಯರಾದ ಲಾರ್ಡ್ ನಫೀಲ್ಡ್ ಅವರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಪೋಚ್ಡ್ ಎಗ್ ಇದ್ದ ಹಾಗಿದೆ ಎಂದು ಹೀಗಳೆದರಂತೆ. ಇಸಿಗೋನಿಸ್ ಅವರಿಗೂ ಕೊನೆಯ ಗಳಿಗೆಯಲ್ಲಿ ಸಮಾಧಾನವಾಗದೆ, ಮಾದರಿ ಕಾರನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ಹೋಳುಗಳನ್ನು ದೂರ ಸರಿಸಿ, ಕಣ್ಣಿಗೆ ಒಪ್ಪುವಂತಾದಾಗ ನಿಲ್ಲಿಸಿದರು. ಅಂತರ ನಾಲ್ಕು ಇಂಚು. ಬಾನೆಟ್ಟಿನ ನಡುವೆ ಇಂದಿಗೂ ಕಾಣುವ ಉಬ್ಬುಪಟ್ಟಿ ಆ ನಾಲ್ಕು ಇಂಚಿನ ಗುರುತು. ಬಂಪರುಗಳು ಆಗಲೇ ತಯಾರಾಗಿದ್ದುದರಿಂದ ಅವನ್ನೂ ಕತ್ತರಿಸಿ ನಡುವೆ ತೇಪೆ ಹಾಕಿದರು. ಹೀಗೆ ತೇಪೆ ಎಂಬುದು ಈ ಕಾರಿಗೆ ಹುಟ್ಟಿನಿಂದಲೇ ಬಂದದ್ದು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಇಸಿಗೋನಿಸ್ ಮೊದಲು ಯೋಚಿಸಿದ್ದು ಸಿಲಿಂಡರುಗಳು ಎರಡು ಪಕ್ಕಕ್ಕೂ ಮಲಗಿರುವ ಅಗಲವಾದ ಎಂಜಿನ್. ಅದಕ್ಕೆ ತಕ್ಕಂತೆ ಬಾನೆಟ್ಟಿನೊಳಗೆ ಜಾಗ ಬಿಟ್ಟಿದ್ದರು. ಆ ಎಂಜಿನ್ ಕೈಗೂಡಲಿಲ್ಲ. ಬದಲಿಗೆ ಕಂಪನಿಯಲ್ಲಿ ಮೊದಲೇ ಇದ್ದ 918 ಸಿ.ಸಿ.ಯ ಹಳೆಯ, ಸಪುರ ಎಂಜಿನ್ ಕೂರಿಸಿದರು. ಪರಿಣಾಮವಾಗಿ ಎರಡೂ ಪಕ್ಕದಲ್ಲಿ ಧಾರಾಳ ಜಾಗ ಉಳಿಯಿತು. ಇಂದಿನ ಕಾರುಗಳಲ್ಲಿ ಒಂದು ಬಲ್ಬ್ ಬದಲಿಸಲೂ ಕೈ ತೂರಿಸಲಾಗದೆ ಒದ್ದಾಡಿದವರಿಗೆ ಇದರ ಬೆಲೆ ಗೊತ್ತು. ಮೈನರಿನ ಡೈನಮೊ, ಡಿಸ್ಟ್ರಿಬ್ಯೂಟರ್, ಕಾರ್ಬುರೇಟರ್ ಎಲ್ಲವೂ ಸ್ಪ್ಯಾನರ್ ಹಿಡಿದ ಸಾಮಾನ್ಯನ ಕೈಗೆ ಸಿಗುತ್ತವೆ.

1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಕಾರು ಹೊರಬಂತು. 1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಒಂದಾದ ಮೇಲೆ ಆಸ್ಟಿನ್‌ನವರ 803 ಸಿ.ಸಿ.ಯ ಎ-ಸೀರೀಸ್ ಎಂಜಿನ್ ಸೇರಿತು. 1956ರಲ್ಲಿ ಅದೇ 948 ಆಯಿತು, 1962ರಲ್ಲಿ 1098. ಇದೇ ವಂಶದ ಎಂಜಿನ್ 2000ದವರೆಗೂ ಮಿನಿ ಕಾರಿನಲ್ಲಿ ಇದ್ದುದರಿಂದ ಬಿಡಿಭಾಗಗಳಿಗೆ ಬರ ಬರಲಿಲ್ಲ. 1960ರ ಡಿಸೆಂಬರಿನಲ್ಲಿ ಹತ್ತು ಲಕ್ಷದ ಮೈನರ್ ಹೊರಬಿತ್ತು. ಬ್ರಿಟನ್ನಿನ ಯಾವ ಕಾರೂ ಅದುವರೆಗೆ ಆ ಸಂಖ್ಯೆ ಮುಟ್ಟಿರಲಿಲ್ಲ. ಜಿಲ್ಲಾ ದಾದಿಯರು, ಪೊಲೀಸರು, ಅಂಚೆಯವರು ಎಲ್ಲರಿಗೂ ಇದೇ. ಬಳಗದ ಹಿರಿಯರಲ್ಲಿ 1960ರ ದಶಕದಲ್ಲಿ ವೈದ್ಯರಾಗಿ ಬಂದವರನ್ನು ಕೇಳಿ ನೋಡಿ, "ನಮ್ಮ ಮೊದಲ ಕಾರು ಅದೇ, ಸೆಕೆಂಡ್ ಹ್ಯಾಂಡ್" ಎನ್ನುವವರು ಒಬ್ಬರಾದರೂ ಸಿಗುತ್ತಾರೆ. 1971ರಲ್ಲಿ ತಯಾರಿಕೆ ನಿಂತಾಗ ಒಟ್ಟು 16 ಲಕ್ಷ ದಾಟಿತ್ತು.

ಇನ್ನು ನಮ್ಮ ಕಥೆ. ಕೊಂಡ ಎರಡನೆಯ ವರ್ಷವೇ ಎಂ.ಓ.ಟಿ. ಪರೀಕ್ಷೆಯಲ್ಲಿ ಕಾರು ನಪಾಸಾಯಿತು. ಪರೀಕ್ಷಕರು ಸ್ಕ್ರೂಡ್ರೈವರಿನಿಂದ ಬಾಗಿಲ ಕೆಳಗಿನ ಸಿಲ್ ತಟ್ಟಿದರೆ ಅದು ಹಪ್ಪಳದಂತೆ ಮುರಿಯಿತು. ಮಾರಿದವರು ತುಕ್ಕಿನ ಮೇಲೆ ಫಿಲ್ಲರ್ ಮೆತ್ತಿ, ಅದರ ಮೇಲೆ ಕಪ್ಪು ಲೇಪ ಬಳಿದು ಕೊಟ್ಟಿದ್ದರು. ಇದು ಬರೀ ಅಂದದ ಮಾತಲ್ಲ. ಈ ಕಾರಿಗೆ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ, ದೇಹವೇ ಚಾಸಿ. ಸಿಲ್ ಹೋದರೆ ಬೆನ್ನೆಲುಬು ಹೋದಂತೆ. ಒಳಗಿನ ಸಿಲ್, ನೆಲದ ಅಂಚು, ಅಡ್ಡ ತೊಲೆ, ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಎಲ್ಲವನ್ನೂ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಬೇಕಾಯಿತು. ಹೀಗೆ ಕತ್ತರಿಸುವಾಗ ಕಾರು ನಡುವೆ ಬಾಗುತ್ತದೆ, ಆಮೇಲೆ ಬಾಗಿಲು ಕೂರುವುದಿಲ್ಲ. ಆದ್ದರಿಂದ ಒಳಗೆ ಆನಿಕೆ ಕೊಟ್ಟು, ಬಾಗಿಲು ಹಾಕಿ ತೆಗೆದು ನೋಡುತ್ತ, ಒಂದೊಂದೇ ಪಕ್ಕ ಮಾಡಬೇಕು. ಐದು ತಿಂಗಳು ಹಿಡಿಯಿತು. ಖರ್ಚು, ಕೊಂಡ ಬೆಲೆಯ ಎರಡರಷ್ಟು. ಊರಿಗೆ ಹೋಗಲೆಂದು ಕೂಡಿಟ್ಟ ಟಿಕೆಟ್ಟಿನ ಹಣ ಅದು. ಆ ಬೇಸಿಗೆ ನಾವು ಮೈಸೂರಿಗೆ ಹೋಗಲಿಲ್ಲ. ಕಾರಣವನ್ನು ಊರಿನವರಿಗೆ ಸರಿಯಾಗಿ ಹೇಳಲೂ ಇಲ್ಲ.

ಅಷ್ಟಾದರೂ ನಮಗೆ ಬುದ್ಧಿ ಬಂದಿರಲಿಲ್ಲ. ಮೈನರಿನ ಮುಂದಿನ ಚಕ್ರಗಳು ತಿರುಗುವುದು ಸ್ಕ್ರೂವಿನಂತೆ ಮರೆ ಇರುವ ಒಂದು ಕಂಬದ ಮೇಲೆ. ಆ ಮರೆಗೆ ತಪ್ಪದೆ ಗ್ರೀಸ್ ಹೊಡೆಯಬೇಕು. 2003ರಲ್ಲಿ ಮನೆ ಬದಲಿಸಿದ ಗಡಿಬಿಡಿಯಲ್ಲಿ ಒಂದು ವರ್ಷ ಗ್ರೀಸ್ ಗನ್ ಪೆಟ್ಟಿಗೆಯಲ್ಲೇ ಉಳಿಯಿತು. ಒಂದು ಸೋಮವಾರ ಸೂಪರ್ ಮಾರ್ಕೆಟ್ಟಿನ ಆವರಣದಲ್ಲಿ ನಿಧಾನವಾಗಿ ತಿರುಗಿಸುತ್ತಿದ್ದಾಗ ಟಕ್ಕೆಂದು ಶಬ್ದವಾಗಿ ಎಡಚಕ್ರ ಒಳಕ್ಕೆ ಮಡಚಿಕೊಂಡಿತು. ಸವೆದ ಮರೆ ಕಳಚಿಹೋಗಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಹಿಂದಿನ ದಿನವಷ್ಟೇ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮೋಟರ್‌ವೇಯಲ್ಲಿ 60 ಮೈಲಿ ವೇಗದಲ್ಲಿ ಬಂದಿದ್ದೆವು.

ಆ ರಾತ್ರಿ ಮಾರಿಬಿಡೋಣವೆಂದು ಇಬ್ಬರೂ ನಿಶ್ಚಯಿಸಿದೆವು. ಆಗ ಅಪ್ಪಾಜಿ ಮೈಸೂರಿನಿಂದ ಬಂದಿದ್ದರು. (ನಮ್ಮಿಬ್ಬರಲ್ಲಿ ಯಾರ ತಂದೆ ಎಂಬುದು ಬೇಡ, ಇಬ್ಬರೂ ಹಾಗೆಯೇ ಕರೆಯುತ್ತಿದ್ದೆವು.) ಅವರ ಬಾಲ್ಯದಲ್ಲಿ ಮನೆಯಲ್ಲಿ 'ಬೇಬಿ ಹಿಂದೂಸ್ತಾನ್' ಇತ್ತು. ಕಲ್ಕತ್ತೆಯ ಬಳಿ ಉತ್ತರಪಾರದ ಹಿಂದೂಸ್ತಾನ್ ಮೋಟರ್ಸ್‌ನವರು 1950ರ ದಶಕದಲ್ಲಿ ಮಾರುತ್ತಿದ್ದ ಈ ಕಾರು ಬೇರೆ ಯಾವುದೂ ಅಲ್ಲ, ಮಾರಿಸ್ ಮೈನರೇ. ಅದರ ಹಿರಿಯಣ್ಣ ಮಾರಿಸ್ ಆಕ್ಸ್‌ಫರ್ಡ್ ನಮ್ಮಲ್ಲಿ ಅಂಬಾಸಿಡರ್ ಆಗಿ 2014ರವರೆಗೂ ತಯಾರಾಯಿತು. ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡ ಅಪ್ಪಾಜಿ, "ನೀವು ಗ್ರೀಸ್ ಹಾಕದೇ ಇದ್ರೆ ಅದು ಕಾರಿನ ತಪ್ಪೇನ್ರಪ್ಪಾ? ನಮ್ಮ ತಂದೆ ಭಾನುವಾರ ನಮಗೂ ಕಾರಿಗೂ ಒಟ್ಟಿಗೇ ಎಣ್ಣೆ ಸ್ನಾನ ಮಾಡಿಸ್ತಿದ್ರು" ಎಂದರು. ಮರುದಿನ ಕೊಳ್ಳಲು ಬಂದವರು ಎಂಜಿನ್ ಮಾತ್ರ ಬಿಚ್ಚಿಕೊಂಡು ಉಳಿದದ್ದನ್ನು ಗುಜರಿಗೆ ಹಾಕುವುದಾಗಿ ಹೇಳಿದಾಗ, ನಮಗಿಂತ ಮೊದಲು ಅಪ್ಪಾಜಿಯೇ ಬೇಡವೆಂದು ತಲೆಯಾಡಿಸಿದರು. ಅಂದಿನಿಂದ ಸಾವಿರ ಮೈಲಿಗೊಮ್ಮೆ ಗ್ರೀಸ್. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಜೊತೆಗೆ ಅದನ್ನೂ ಗುರುತು ಹಾಕುತ್ತೇವೆ.

ಹೀಗೆ ರಿಪೇರಿ ಮಾಡಿಕೊಂಡು ಓಡಿಸುವುದು ಜಿಪುಣತನವಲ್ಲ, ಲೆಕ್ಕಾಚಾರ ಎಂದು ವಾದಿಸಿದವರೊಬ್ಬರಿದ್ದರು, ಚಾರ್ಲ್ಸ್ ವೇರ್. ಬಾತ್ ನಗರದಲ್ಲಿ ಮೈನರಿಗಾಗಿಯೇ 1976ರಲ್ಲಿ ಕೇಂದ್ರ ತೆರೆದರು. ಹೊಸ ಕಾರು ವರ್ಷವರ್ಷವೂ ಕಳೆದುಕೊಳ್ಳುವ ಬೆಲೆಯನ್ನು ಹಳೆಯ ಕಾರಿನ ದುರಸ್ತಿಗೆ ಹಾಕಿದರೆ ಅದು ಬಹುಕಾಲ ಬಾಳುತ್ತದೆ ಎಂಬುದು ಅವರ ವಾದ. ಮುಂದೆ ಮೈನರುಗಳು ಇನ್ನೂ ಹೇರಳವಾಗಿ ಓಡುತ್ತಿದ್ದ ಶ್ರೀಲಂಕಾದಲ್ಲಿ ಬಿಡಿಭಾಗ ತಯಾರಿಸಲು ಏರ್ಪಾಡು ಮಾಡಿದರು. ಆಕ್ಸ್‌ಫರ್ಡಿನಲ್ಲಿ ಹುಟ್ಟಿದ ಕಾರಿನ ತಗಡು ಸಿಂಹಳದಿಂದ ಹಡಗು ಹತ್ತಿ ಬಂತು! ವೇರ್ ಅವರ ಲೆಕ್ಕವನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಅವರು ಮಾಲೀಕರ ಭಾನುವಾರಗಳಿಗೆ ಬೆಲೆ ಕಟ್ಟಿರಲಿಲ್ಲ.

ದಿನಬಳಕೆಗಾಗಿ ಕೆಲವು ಬದಲಾವಣೆ ಮಾಡಿದ್ದೇವೆ. ಡೈನಮೊ ಹೋಗಿ ಆಲ್ಟರ್ನೇಟರ್ ಬಂತು, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು. 1999ರ ಕೊನೆಗೆ ಸೀಸ ಬೆರೆತ ಪೆಟ್ರೋಲ್ ಅಂಗಡಿಗಳಿಂದ ಮಾಯವಾದಾಗ ಎಂಜಿನ್ ಹೆಡ್ಡಿನಲ್ಲಿ ಗಟ್ಟಿ ಉಕ್ಕಿನ ವಾಲ್ವ್ ಸೀಟು ಕೂರಿಸಿದೆವು. 2021ರಲ್ಲಿ ಶೇಕಡ 10 ಎಥನಾಲ್ ಇರುವ ಪೆಟ್ರೋಲ್ ಬಂದ ಮೇಲೆ ಹಳೆಯ ರಬ್ಬರ್ ಕೊಳವೆಗಳನ್ನೆಲ್ಲ ತೆಗೆಸಿದೆವು. ಹೊಸ ಎಂಜಿನ್ ಹಾಕಿಸಿ ಎಂದವರ ಮಾತನ್ನು ಮಾತ್ರ ಕೇಳಲಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪೇ ದೊಡ್ಡ ಶತ್ರು. ವಾರಕ್ಕೊಮ್ಮೆ ಹೊಟ್ಟೆಯಡಿ ನೀರು ಹಾಯಿಸುತ್ತೇವೆ. ಹಾಗೆಂದು ಶೆಡ್ಡಿನಲ್ಲಿ ನಿಲ್ಲಿಸಿಡುವುದೂ ಕ್ಷೇಮವಲ್ಲ. ನಿಂತ ಕಾರಿನ ಬ್ರೇಕ್ ಸಿಲಿಂಡರ್ ಹಿಡಿದುಕೊಳ್ಳುತ್ತದೆ, ಕ್ಲಚ್ ಪ್ಲೇಟು ಅಂಟುತ್ತದೆ, ಸೈಲೆನ್ಸರ್ ಒಳಗಿನಿಂದಲೇ ಕೊಳೆಯುತ್ತದೆ.

2018ರ ಮೇ ತಿಂಗಳಿಂದ 40 ವರ್ಷ ದಾಟಿದ ಕಾರುಗಳಿಗೆ ಎಂ.ಓ.ಟಿ. ಕಡ್ಡಾಯವಲ್ಲ. ನಾವಂತೂ ಪ್ರತಿವರ್ಷ ಮಾಡಿಸುತ್ತೇವೆ, ಆ ಹಪ್ಪಳದ ಸಿಲ್ ಮರೆತಿಲ್ಲ. ಲಂಡನ್ನಿನ ಹೊಗೆ ಸುಂಕವೂ ಇದಕ್ಕಿಲ್ಲ. ನಮ್ಮ ಇನ್ನೊಂದು ಡೀಸೆಲ್ ಕಾರು ದಿನಕ್ಕೆ 12.50 ಪೌಂಡ್ ತೆರುವಾಗ ಅಜ್ಜಿಗೆ ಪುಕ್ಕಟೆ ಪ್ರವೇಶ. ಇದು ನ್ಯಾಯವೇ ಎಂದು ಮಗಳು ಕೇಳುತ್ತಾಳೆ. ಹೊಗೆಯನ್ನು ನೋಡಿದರೆ ಅವಳ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಆದರೂ ಈಗ ರೈಲು ನಿಲ್ದಾಣಕ್ಕೆ ಅದನ್ನು ಓಡಿಸುವವಳು ಅವಳೇ. ಕಳೆದ ವಾರ ಬಲಗಡೆಯ ಹಿಂದಿನ ಸ್ಪ್ರಿಂಗಿನ ಬಳಿ ಬಣ್ಣ ಉಬ್ಬಿರುವುದನ್ನು ಕಂಡವಳೂ ಅವಳೇ. ಹೊಸ ತಗಡು ಬಂದು ಊಟದ ಮೇಜಿನ ಕೆಳಗೆ ಕೂತಿದೆ. ಈ ಸಮಾರಂಭ ಮುಗಿದ ಮರುವಾರ ವೆಲ್ಡಿಂಗ್.