ಕ್ರೀಡಾ ವ್ಯವಹಾರದ ಸ್ನಾತಕೋತ್ತರ ಪದವಿ: ಹುಟ್ಟು, ಹರಹು ಮತ್ತು ವೃತ್ತಿಬದುಕು

ಒಂದು ಪಂದ್ಯ ನಡೆಯಬೇಕಾದರೆ ಆಟಗಾರರಷ್ಟೇ ಸಾಲದು. ಟಿಕೆಟ್ ಮಾರುವವರು, ಪ್ರಾಯೋಜಕರನ್ನು ಒಪ್ಪಿಸುವವರು, ಪ್ರಸಾರ ಹಕ್ಕಿನ ಕರಾರು ಬರೆಯುವವರು, ಕ್ರೀಡಾಂಗಣದ ಗೇಟು, ಮೆಟ್ಟಿಲು, ನೀರು, ಆಂಬುಲೆನ್ಸ್ ನೋಡಿಕೊಳ್ಳುವವರು ಬೇಕು. ಈ ಕೆಲಸಗಳನ್ನು ಒಂದು ವೃತ್ತಿಯೆಂದು ತಿಳಿದು ಕಲಿಸುವುದೇ ಕ್ರೀಡಾ ವ್ಯವಹಾರದ ಸ್ನಾತಕೋತ್ತರ ಪದವಿ. 1966ರಲ್ಲಿ ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದಲ್ಲಿ ಶುರುವಾದ ಇದು ಇಂದು ಹಲವು ಖಂಡಗಳಿಗೆ ಹರಡಿದೆ.

ಇದರ ಬೀಜ ಬಿದ್ದದ್ದು ಒಂದು ಕಾಗದದಲ್ಲಿ. ಬ್ರೂಕ್ಲಿನ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಮಾಲೀಕ ವಾಲ್ಟರ್ ಓಮಾಲಿ ಓದಿದ್ದು ಎಂಜಿನಿಯರಿಂಗ್ ಮತ್ತು ಕಾನೂನು. ಅವರ ತಂಡ ಆಡುತ್ತಿದ್ದ ಎಬೆಟ್ಸ್ ಫೀಲ್ಡ್ 1913ರಲ್ಲಿ ಕಟ್ಟಿದ್ದು. ಪ್ರೇಕ್ಷಕರು ಕಾರಿನಲ್ಲಿ ಬರುವ ಕಾಲ ಬಂದಾಗ ಅಲ್ಲಿ ನಿಲ್ಲಿಸಲು ಜಾಗವೇ ಇರಲಿಲ್ಲ. ಹೊಸ ಕ್ರೀಡಾಂಗಣಕ್ಕಾಗಿ ವರ್ಷಗಟ್ಟಲೆ ಓಡಾಡಿದ ಓಮಾಲಿ 1957ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ದೈಹಿಕ ಶಿಕ್ಷಣ ಅಧ್ಯಾಪಕ ಜೇಮ್ಸ್ ಮೇಸನ್ ಅವರಿಗೆ ಪತ್ರ ಬರೆದರು. ರೇಸ್‌ಕೋರ್ಸ್, ಸ್ಕೀ ತಾಣ, ಕ್ರೀಡಾಂಗಣ, ಸಭಾಂಗಣ ಇಂಥವನ್ನು ನಡೆಸುವುದಕ್ಕೆಂದೇ ಓದಿ ತಯಾರಾದ ಜನ ಎಲ್ಲಿ ಸಿಗುತ್ತಾರೆ ಎಂಬುದು ಅವರ ಪ್ರಶ್ನೆ. ಉತ್ತರ ಯಾರ ಬಳಿಯೂ ಇರಲಿಲ್ಲ. ಮರುವರ್ಷ ಡಾಡ್ಜರ್ಸ್ ತಂಡ ಬ್ರೂಕ್ಲಿನ್ ತೊರೆದು ಲಾಸ್ ಏಂಜಲೀಸ್‌ನಲ್ಲಿ ಆಡತೊಡಗಿತು.

ಮೇಸನ್ ಆ ಪ್ರಶ್ನೆಯನ್ನು ಕೈಬಿಡಲಿಲ್ಲ. ಪಾಠಕ್ರಮ ಹೆಣೆದು, ಮುಂದೆ ಒಹಾಯೊ ವಿಶ್ವವಿದ್ಯಾಲಯ ಸೇರಿ, ಒಂಬತ್ತು ವರ್ಷಗಳ ಬಳಿಕ ಮೊದಲ ಸ್ನಾತಕೋತ್ತರ ತರಗತಿ ತೆರೆದರು. ವಿಶ್ವವಿದ್ಯಾಲಯ ಇರುವ ಅಥೆನ್ಸ್ ಒಂದು ಸಣ್ಣ ಊರು. ಅಲ್ಲಿ ವೃತ್ತಿಪರ ತಂಡವೊಂದೂ ಇಲ್ಲ. ಹಾಗಾಗಿ ವಿದ್ಯಾರ್ಥಿಗಳು ಕಲಿತದ್ದನ್ನು ಒರೆಗೆ ಹಚ್ಚಲು ಊರು ಬಿಟ್ಟು ತಂಡಗಳ ಕಚೇರಿಗೆ ಹೋಗಲೇಬೇಕಾಯಿತು. ಇಂಟರ್ನ್‌ಶಿಪ್ ಈ ಪದವಿಯ ಬೆನ್ನೆಲುಬಾದದ್ದು ಹೀಗೆ. ಹೋದವರು ಅಲ್ಲೇ ನೌಕರಿ ಹಿಡಿದು, ತಮ್ಮ ಹಿಂದೆ ಬಂದ ಹುಡುಗರಿಗೆ ಬಾಗಿಲು ತೆರೆದರು. ಈ ಹಳೆಯ ವಿದ್ಯಾರ್ಥಿಗಳ ಬಳಗವೇ ಇಂದಿಗೂ ಪದವಿಯ ನಿಜವಾದ ಆಸ್ತಿ.

ಆ ಮೊದಲ ವರ್ಷಗಳಲ್ಲಿ ಓದಿದ ಆ್ಯಂಡಿ ಡಾಲಿಚ್ ಅವರ ವೃತ್ತಿಬದುಕನ್ನು ನೋಡಿದರೆ ಪದವಿ ಏನು ಮಾಡಬಲ್ಲದು ಎಂಬುದು ತಿಳಿಯುತ್ತದೆ. ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡ 1979ರಲ್ಲಿ ಪಾತಾಳ ಮುಟ್ಟಿತ್ತು. ಇಡೀ ಋತುವಿನಲ್ಲಿ ತವರಿನ ಪಂದ್ಯಗಳಿಗೆ ಬಂದವರು 3,06,763 ಮಂದಿ ಮಾತ್ರ. 1980ರಲ್ಲಿ ತಂಡದ ಒಡೆತನ ಹಾಸ್ ಕುಟುಂಬದ ಕೈಗೆ ಬಂದಾಗ ವ್ಯವಹಾರದ ಹೊಣೆ ಹೊತ್ತವರಲ್ಲಿ ಡಾಲಿಚ್ ಒಬ್ಬರು. ತರಬೇತುದಾರ ಬಿಲ್ಲಿ ಮಾರ್ಟಿನ್ ಅವರ ಆಕ್ರಮಣಕಾರಿ ಆಟವನ್ನು ‘ಬಿಲ್ಲಿ ಬಾಲ್’ ಎಂಬ ಹೆಸರಿನಲ್ಲೇ ಜಾಹೀರಾತು ಮಾಡಿ ಊರಿಗೆಲ್ಲ ಸಾರಿದರು. 1990ರ ಹೊತ್ತಿಗೆ ವರ್ಷಕ್ಕೆ ಬರುವ ಪ್ರೇಕ್ಷಕರ ಸಂಖ್ಯೆ 29 ಲಕ್ಷ ಮುಟ್ಟಿತು. ತಂಡ ಗೆಲ್ಲತೊಡಗಿದ್ದೂ ಅದಕ್ಕೆ ಕಾರಣ, ನಿಜ. ಆದರೆ ಗೆಲ್ಲುವ ತಂಡಕ್ಕೂ ಜನರನ್ನು ಕರೆತರುವವರು ಬೇಕು, ಅದೊಂದು ಕಲಿಯಬಹುದಾದ ವಿದ್ಯೆ ಎಂಬುದನ್ನು ಓಕ್‌ಲ್ಯಾಂಡ್ ತೋರಿಸಿಕೊಟ್ಟಿತು. ಡಾಲಿಚ್ ಮುಂದೆ ಬ್ಯಾಸ್ಕೆಟ್‌ಬಾಲ್ ಮತ್ತು ಅಮೆರಿಕನ್ ಫುಟ್‌ಬಾಲ್ ತಂಡಗಳ ಆಡಳಿತವನ್ನೂ ನಡೆಸಿದರು.

ಈ ಪದವಿ ಅಮೆರಿಕದಲ್ಲೇ ಮೊದಲು ಬೇರೂರಿದ್ದಕ್ಕೆ ಕಾರಣವಿದೆ. ಅಲ್ಲಿನ ವಿಶ್ವವಿದ್ಯಾಲಯಗಳೇ ದೊಡ್ಡ ಕ್ರೀಡಾ ಉದ್ಯಮಗಳು. ಸಾವಿರಾರು ಜನ ಕೂರುವ ಮೈದಾನ, ಅಥ್ಲೆಟಿಕ್ ಡೈರೆಕ್ಟರ್, ಟಿಕೆಟ್ ಕಚೇರಿ ಎಲ್ಲವೂ ಕ್ಯಾಂಪಸ್ಸಿನೊಳಗೇ ಇರುತ್ತವೆ. 1972ರ ‘ಟೈಟಲ್ ನೈನ್’ ಕಾನೂನು ಸರ್ಕಾರಿ ನೆರವು ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದ ಕೂಡದೆಂದಿತು. ಅದರಿಂದ ಮಹಿಳಾ ತಂಡಗಳು ಹೆಚ್ಚಿದವು, ಅವನ್ನು ನಡೆಸುವ ಹುದ್ದೆಗಳೂ ಹೆಚ್ಚಿದವು.

ಎರಡನೆಯ ದೊಡ್ಡ ನೆಲೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್. ಅಲ್ಲಿ 1971ರಲ್ಲಿ ಶುರುವಾದ ವಿಭಾಗಕ್ಕೆ ಈಗ ಮಾರ್ಕ್ ಮೆಕಾರ್ಮ್ಯಾಕ್ ಅವರ ಹೆಸರಿದೆ. ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಜತೆ 1960ರಲ್ಲಿ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡು ಐಎಂಜಿ ಎಂಬ ದೈತ್ಯ ಸಂಸ್ಥೆ ಕಟ್ಟಿದ ವಕೀಲ ಅವರು. ಇಲ್ಲಿ ಎಂ.ಎಸ್. ಮಾಡಿದ ಬೆನ್ ಚೆರಿಂಗ್ಟನ್ 1998ರಲ್ಲಿ ಕ್ಲೀವ್‌ಲ್ಯಾಂಡ್ ಬೇಸ್‌ಬಾಲ್ ತಂಡಕ್ಕೆ ಎದುರಾಳಿಗಳ ವಿಡಿಯೊ ನೋಡಿ ಟಿಪ್ಪಣಿ ಮಾಡುವ ಕಿರಿಯ ನೌಕರನಾಗಿ ಸೇರಿದರು. ಮರುವರ್ಷ ಬಾಸ್ಟನ್ ರೆಡ್ ಸಾಕ್ಸ್ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ 2011ರಲ್ಲಿ ಜನರಲ್ ಮ್ಯಾನೇಜರ್ ಆದರು. 2012ರಲ್ಲಿ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನಕ್ಕೆ ಕುಸಿದಿದ್ದ ತಂಡ 2013ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. 2019ರಲ್ಲಿ ಅವರು ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಚುಕ್ಕಾಣಿ ಹಿಡಿದಾಗ ಆ ಕುರ್ಚಿಯಲ್ಲಿ ಅವರಿಗಿಂತ ಮುಂಚೆ ಇದ್ದ ನೀಲ್ ಹಂಟಿಂಗ್ಟನ್ ಕೂಡ ಆಮ್‌ಹರ್ಸ್ಟ್‌ನ ಅದೇ ವಿಭಾಗದಲ್ಲಿ ಓದಿದವರು. ಪಿಜಿಎ ಟೂರ್ ಕಮಿಷನರ್ ಆದ ಜೇ ಮೊನಹನ್ ಸಹ ಆಮ್‌ಹರ್ಸ್ಟ್‌ನವರೇ.

1985ರಲ್ಲಿ ಉತ್ತರ ಅಮೆರಿಕದ ಕ್ರೀಡಾ ನಿರ್ವಹಣಾ ಅಧ್ಯಾಪಕರ ಸಂಘ ಹುಟ್ಟಿತು, 1987ರಲ್ಲಿ ಈ ವಿಷಯಕ್ಕೇ ಮೀಸಲಾದ ಸಂಶೋಧನಾ ಪತ್ರಿಕೆ ಬಂತು. ದೈಹಿಕ ಶಿಕ್ಷಣದ ಮಡಿಲಲ್ಲಿದ್ದ ವಿಷಯ ನಿಧಾನವಾಗಿ ಎಂಬಿಎ ಕಾಲೇಜುಗಳ ಕಡೆ ಸರಿಯಿತು.

ಯುರೋಪಿನ ಹಾದಿ ಬೇರೆ. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಕ್ಲಬ್ಬುಗಳನ್ನು ಬಹುಕಾಲ ಊರಿನ ವರ್ತಕರೇ ನಡೆಸುತ್ತಿದ್ದರು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕ ಲಿವರ್‌ಪೂಲ್ ತಂಡದ 97 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ನ್ಯಾಯಮೂರ್ತಿ ಟೇಲರ್ ಅವರ 1990ರ ವರದಿಯ ಬಳಿಕ ದೊಡ್ಡ ಕ್ಲಬ್ಬುಗಳು ನಿಂತು ನೋಡುವ ಕಟ್ಟೆಗಳನ್ನು ತೆಗೆದು ಎಲ್ಲರಿಗೂ ಆಸನ ಹಾಕಬೇಕಾಯಿತು. ಮೈದಾನಗಳನ್ನು ಹೊಸದಾಗಿ ಕಟ್ಟಲು ಹಣ ಬೇಕಿತ್ತು. 1992ರಲ್ಲಿ ಪ್ರೀಮಿಯರ್ ಲೀಗ್ ಮತ್ತು ಉಪಗ್ರಹ ಟಿವಿಯ ದುಡ್ಡು ಬಂತು. 1995ರ ಬೋಸ್ಮನ್ ತೀರ್ಪು ಆಟಗಾರರ ಕರಾರಿನ ನಿಯಮಗಳನ್ನೇ ಬದಲಿಸಿತು. ಸುರಕ್ಷತೆ, ಹಣಕಾಸು, ಕಾನೂನು ಮೂರೂ ಬಲ್ಲವರು ಬೇಕಾದರು. 1997ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯ ಫುಟ್‌ಬಾಲ್ ಉದ್ಯಮಕ್ಕೆಂದೇ ಎಂಬಿಎ ಆರಂಭಿಸಿದ್ದು ಈ ಹಿನ್ನೆಲೆಯಲ್ಲಿ.

2000ದಲ್ಲಿ ಶುರುವಾದ ‘ಫಿಫಾ ಮಾಸ್ಟರ್’ ಇನ್ನೂ ವಿಶಿಷ್ಟ. ವಿದ್ಯಾರ್ಥಿಗಳು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಕ್ರೀಡೆಯ ಚರಿತ್ರೆ, ಇಟಲಿಯ ಮಿಲಾನ್‌ನಲ್ಲಿ ನಿರ್ವಹಣೆ, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಕಾನೂನು ಓದುತ್ತಾರೆ. ಮೊದಲು ಚರಿತ್ರೆಯನ್ನೇ ಕಲಿಸುವುದು ಸರಿಯಾದ ಕ್ರಮ. ಒಂದು ಕ್ಲಬ್ಬು ತನ್ನ ಊರಿಗೆ ಏನಾಗಿದೆ ಎಂದು ಅರಿಯದವರ ಕೈಗೆ ಅದರ ಲೆಕ್ಕ ಕೊಡಬಾರದು. 2002 ಮತ್ತು 2006ರ ವಿಶ್ವಕಪ್‌ಗಳಲ್ಲಿ ಜಪಾನಿನ ನಾಯಕರಾಗಿದ್ದ ತ್ಸುನೆಯಾಸು ಮಿಯಾಮೊಟೊ ನಿವೃತ್ತಿಯ ನಂತರ ಈ ತರಗತಿಗೆ ಸೇರಿ 2013ರಲ್ಲಿ ಮುಗಿಸಿದರು. 2024ರ ಮಾರ್ಚ್‌ನಲ್ಲಿ ಅವರು ಜಪಾನ್ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾದರು. ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆಡಿದ ಕೊರಿಯಾದ ಪಾರ್ಕ್ ಜಿ ಸುಂಗ್ ಕೂಡ ಇಲ್ಲಿ ಓದಿದರು.

ಇಷ್ಟೆಲ್ಲ ಹೆಸರುಗಳ ನಡುವೆ ಮರೆಯಬಾರದ ಮಾತೊಂದಿದೆ. ಅಮೆರಿಕದಲ್ಲಿ ಪದವಿ ಮುಗಿಸಿದ ಅನೇಕರಿಗೆ ಮೊದಲು ಸಿಗುವುದು ಫೋನ್ ಹಿಡಿದು ಸೀಸನ್ ಟಿಕೆಟ್ ಮಾರುವ ಕೆಲಸ. ಸಂಬಳ ಕಡಿಮೆ, ಪಂದ್ಯದ ದಿನ ರಜೆಯಿಲ್ಲ. ಆಟದ ಮೇಲಿನ ಪ್ರೀತಿಯಿಂದ ಬರುವವರು ಹುದ್ದೆಗಳಿಗಿಂತ ಹೆಚ್ಚಿರುವುದರಿಂದ ತಂಡಗಳು ಸಂಬಳವಿಲ್ಲದ ಇಂಟರ್ನ್‌ಶಿಪ್ ಕೊಟ್ಟರೂ ಸಾಲು ನಿಲ್ಲುತ್ತದೆ. ಮನೆಯಿಂದ ಹಣ ತರಿಸಿಕೊಳ್ಳಲಾಗದವರು ಅಲ್ಲೇ ಹಿಂದೆ ಬೀಳುತ್ತಾರೆ. ಇದು ಈ ಶಿಕ್ಷಣದ ಅತಿ ದೊಡ್ಡ ಅನ್ಯಾಯ.

ಭಾರತದಲ್ಲಿ ಈ ಪದವಿಗೆ ಬೇಡಿಕೆ ಹುಟ್ಟಿಸಿದ್ದು 2008ರ ಐಪಿಎಲ್. ಬೆಂಗಳೂರು ತಂಡ 11.16 ಕೋಟಿ ಡಾಲರಿಗೆ ಮಾರಾಟವಾದಾಗ ಕ್ರಿಕೆಟ್ಟಿನ ಹೊರಗಿನ ಜನರೂ ಬೆರಗಾದರು; 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. 2010ರಲ್ಲಿ ಮುಂಬೈಯಲ್ಲಿ ಕ್ರೀಡಾ ನಿರ್ವಹಣೆಗೆಂದೇ ಸಂಸ್ಥೆ ಕಟ್ಟಿದವರು ಸ್ಪಿನ್ನರ್ ನೀಲೇಶ್ ಕುಲಕರ್ಣಿ. 1997ರಲ್ಲಿ ಕೊಲಂಬೊದಲ್ಲಿ ತಮ್ಮ ಮೊದಲ ಟೆಸ್ಟಿನ ಮೊದಲ ಎಸೆತದಲ್ಲೇ ವಿಕೆಟ್ ಪಡೆದ, ಆಮೇಲೆ ಶ್ರೀಲಂಕಾ 6 ವಿಕೆಟ್‌ಗೆ 952 ರನ್ ಪೇರಿಸಿದ್ದನ್ನು ಕಂಡ ಆಟಗಾರ ಅವರು. ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯವೂ ಎಂಬಿಎಯಲ್ಲಿ ಈ ವಿಷಯ ಕಲಿಸುತ್ತದೆ. 2014ರಲ್ಲಿ ಬಂದ ಪ್ರೊ ಕಬಡ್ಡಿ, 2018ರಲ್ಲಿ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಂಥವು ಕ್ರಿಕೆಟ್ಟಿನಾಚೆಗೂ ಕೆಲಸದ ಜಾಗಗಳನ್ನು ತೋರಿಸಿದವು.

ಹೆಸರಿನಲ್ಲಿ ‘ಕ್ರೀಡೆ’ ಇಲ್ಲದ ಪದವಿಯೂ ಇದೇ ಕೆಲಸ ಮಾಡಬಲ್ಲದು. ಹಾಕಿ ತಂಡದ ನಾಯಕರಾಗಿದ್ದ ವಿರೇನ್ ರಸ್ಕಿನ್ಹಾ ಆಟದ ಉತ್ತುಂಗದಲ್ಲೇ ನಿವೃತ್ತರಾಗಿ ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನಲ್ಲಿ ಓದಿದರು. ಅಲ್ಲಿಂದ 2009ರಲ್ಲಿ ಅವರು ಸೇರಿದ್ದು ಪ್ರಕಾಶ್ ಪಡುಕೋಣೆ ಮತ್ತು ಗೀತ್ ಸೇಠಿ ಸ್ಥಾಪಿಸಿದ ಒಲಿಂಪಿಕ್ ಗೋಲ್ಡ್ ಕ್ವೆಸ್ಟ್. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಗೆದ್ದ ಆರು ಪದಕಗಳಲ್ಲಿ ನಾಲ್ಕು ಈ ಸಂಸ್ಥೆಯ ನೆರವು ಪಡೆದವರದು.

ಆದರೂ ಕಲಿತವರಿಗೆ ಜಾಗ ಎಲ್ಲಿ? ನಮ್ಮ ಹೆಚ್ಚಿನ ಕ್ರೀಡಾ ಸಂಸ್ಥೆಗಳನ್ನು ಇಂದಿಗೂ ಚುನಾವಣೆಯಲ್ಲಿ ಗೆದ್ದ ಗೌರವ ಪದಾಧಿಕಾರಿಗಳೇ ನಡೆಸುತ್ತಾರೆ. ಕ್ರಿಕೆಟ್ ಮಂಡಳಿಯ ದಿನನಿತ್ಯದ ಆಡಳಿತ ವೃತ್ತಿಪರ ಸಿಇಒ ಕೈಯಲ್ಲಿರಬೇಕು ಎಂದು ಲೋಧಾ ಸಮಿತಿ ಹೇಳಿತು, 2016ರಲ್ಲಿ ಸುಪ್ರೀಂ ಕೋರ್ಟ್ ಆ ವರದಿಯ ಬಹುಪಾಲನ್ನು ಒಪ್ಪಿತು. ಕ್ರಿಕೆಟ್ಟಿಗೇ ನ್ಯಾಯಾಲಯ ಹೇಳಬೇಕಾಯಿತು ಎಂದರೆ ಸಣ್ಣ ಕ್ರೀಡೆಗಳ ಪಾಡು ಊಹಿಸಬಹುದು.

2025ರ ಜೂನ್ 4ರಂದು ಐಪಿಎಲ್‌ನ ಬೆಂಗಳೂರು ತಂಡ ಆರ್‌ಸಿಬಿಯ ವಿಜಯೋತ್ಸವಕ್ಕೆಂದು ನಗರದ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದವರಲ್ಲಿ 11 ಮಂದಿ ಹೊರಗಿನ ಕಾಲ್ತುಳಿತದಲ್ಲಿ ಸತ್ತರು. ಜನಸಂದಣಿ ನಿರ್ವಹಣೆ ಈ ಪದವಿಯ ಪಠ್ಯದ ಭಾಗ. ಹಿಲ್ಸ್‌ಬರೊ ಅದರ ಕಡ್ಡಾಯ ಪಾಠವಾಗಬೇಕು. ರಾಜ್ಯದ ಪ್ರತಿ ದೊಡ್ಡ ಮೈದಾನಕ್ಕೂ ಈ ವಿದ್ಯೆ ಕಲಿತ, ಸಂಬಳ ಪಡೆಯುವ, ಅಪಾಯ ಕಂಡರೆ ಗೇಟು ಮುಚ್ಚಿಸುವ ಅಧಿಕಾರವಿರುವ ಒಬ್ಬ ಅಧಿಕಾರಿಯನ್ನು ನೇಮಿಸುವುದು ತುರ್ತಾಗಿ ಆಗಬೇಕಾದ ಕೆಲಸ. ಪದವಿಗೆ ಸೇರಬೇಕೆಂದಿರುವವರು ಕಾಲೇಜಿನ ಜಾಹೀರಾತು ಬದಿಗಿಟ್ಟು, ಐದು ವರ್ಷದ ಹಿಂದೆ ಅಲ್ಲಿ ಓದಿದವರು ಈಗ ಎಲ್ಲಿ, ಯಾವ ಸಂಬಳಕ್ಕೆ ದುಡಿಯುತ್ತಿದ್ದಾರೆ ಎಂದು ಕೇಳಿ ತಿಳಿದುಕೊಂಡೇ ಶುಲ್ಕ ಕಟ್ಟಲಿ.