ಅಜ್ಜನ ಸೀ ಚೀಫ್

ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿದ್ದ ನಮ್ಮಜ್ಜ ಕಟ್ಟುತ್ತಿದ್ದ ಕೈಗಡಿಯಾರ ಫಾವ್ರೆ ಲೂಬಾ ಸೀ ಚೀಫ್. 1737ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, 19ನೇ ಶತಮಾನದಲ್ಲೇ ಮುಂಬೈಗೆ ಬಂದ ಕಂಪನಿ ಅದು. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಎದ್ದಿತು. ಅಪ್ಪನಿಗೆ ಮದುವೆಯಲ್ಲಿ ಬಂದದ್ದು ಅದರ ‘ಜನತಾ’. ಆಮೇಲೆ ಕ್ವಾರ್ಟ್ಜ್ ಬಂದು ಕೀಲಿ ಕೊಡುವ ವಾಚುಗಳನ್ನೆಲ್ಲ ಮೂಲೆಗೆ ತಳ್ಳಿತು.

2011ರಲ್ಲಿ ಟೈಟನ್ ಫಾವ್ರೆ ಲೂಬಾವನ್ನು ಕೊಂಡಾಗ ಹಿಗ್ಗಿದ್ದೆ. ಮುಂದೆ ಅದು ಮತ್ತೆ ಕೈ ಬದಲಾಯಿತು. ಈಗಿನ ಹೊಸ ಫಾವ್ರೆ ಲೂಬಾ ವಾಚಿನ ಬೆಲೆ ಲಕ್ಷ ದಾಟಿದೆ. ಚೆಂದ ಇದೆ ಖರೆ, ಆದರೆ ಗಿರಣಿ, ವರ್ಕ್‌ಶಾಪಿನವರ ಕೈಗೆ ಎಟುಕುವುದಲ್ಲ.

ಹಳೆಯದು ಕೊಳ್ಳುವವರು ಹುಷಾರು: ಡಯಲ್ಲಿಗೆ ಹೊಸ ಬಣ್ಣ ಬಳಿದವೇ ಹೆಚ್ಚು. ಅಕ್ಷರ ದಪ್ಪಗಿದ್ದರೆ ಹಿಂದಿನ ಮುಚ್ಚಳ ತೆಗೆಸಿ, ಯಂತ್ರದ ಮೇಲಿನ ಹೆಸರು ಓದಿಯೇ ದುಡ್ಡು ಕೊಡಿ.