ಮರಳಿನಡಿಯ ಕಾಕಸಸ್

‘ಡ್ಯೂನ್: ಪಾರ್ಟ್ ಟೂ’ (2024) ನನಗೆ ಇಷ್ಟವಾಯಿತು. ಉದ್ಧಾರಕ ನಾಯಕರನ್ನು ನಂಬಬೇಡಿ ಎಂಬ ಫ್ರಾಂಕ್ ಹರ್ಬರ್ಟ್ ಅವರ ಎಚ್ಚರಿಕೆಯನ್ನು ಚಾನಿಯ ಸಿಟ್ಟು ಉಳಿಸಿಕೊಂಡಿದೆ. ಆದರೆ ಇತಿಹಾಸದ ಸಂಶೋಧನಾ ವಿದ್ಯಾರ್ಥಿಯಾಗಿ ನನಗೆ ಒಂದು ಕೊರಗು ಉಳಿಯಿತು.

ಮರಳುಗಾಡಿನ ಫ್ರೆಮೆನ್ನರು ಆಡುವ ಭಾಷೆ ಚಕೋಬ್ಸಾ. ಆ ಹೆಸರು ಕಾಕಸಸ್ ಪರ್ವತಸೀಮೆಯದು. ಅಲ್ಲಿ ಇಮಾಮ್ ಶಮೀಲ್ 1834ರಿಂದ 1859ರಲ್ಲಿ ಶರಣಾಗುವವರೆಗೆ ರಷ್ಯನ್ ಸಾಮ್ರಾಜ್ಯದ ವಿರುದ್ಧದ ಹೋರಾಟವನ್ನು ಮುನ್ನಡೆಸಿದ. ಆ ಕಥನವಿರುವ ಲೆಸ್ಲಿ ಬ್ಲಾಂಚ್ ಅವರ ‘ದ ಸೇಬರ್ಸ್ ಆಫ್ ಪ್ಯಾರಡೈಸ್’ (1960) ಪುಸ್ತಕದಿಂದ ಹರ್ಬರ್ಟ್ ತಮ್ಮ 1965ರ ಕಾದಂಬರಿಗೆ ಹಲವು ಪದಗಳನ್ನು ಎತ್ತಿಕೊಂಡರು.

ಕಾದಂಬರಿಯಲ್ಲಿ ‘ಜಿಹಾದ್’ ಇದ್ದಲ್ಲಿ ಚಿತ್ರ ‘ಹೋಲಿ ವಾರ್’ ಎನ್ನುತ್ತದೆ. ಇಂದಿನ ಅಳುಕು ಅರ್ಥವಾಗುತ್ತದೆ. ಆದರೂ ಪದವೊಂದನ್ನು ಕೈಬಿಟ್ಟಾಗ, ಅದನ್ನು ಹೊತ್ತು ಹೋರಾಡಿ ಸೋತವರ ಜಾಡೂ ಅಷ್ಟಷ್ಟೇ ಮಾಸುತ್ತದೆ. ಸೋತವರಿಗೆ ಕೊನೆಗೆ ಉಳಿಯುವುದು ಬಹಳ ಸಲ ಪದಗಳಷ್ಟೇ.